ತೋಟದ ಕೆಲಸಕ್ಕೆ ಪ್ರೊಫೆಷನಲ್ ಚೈನ್‌ಸಾ: ಪವರ್, ವೈಬ್ರೇಷನ್, ಕೈಗೆ ಆರಾಮ

ಸಕಲೇಶಪುರ_ರೋಬಸ್ಟಾ

ತೋಟಕ್ಕೆ ಎರಡು ಮಿಷನ್ ಬೇಕು. ಕೆಲಸ ಮೂರು ಥರ. ಮೊದಲನೆಯದು ಸಿಲ್ವರ್ ಓಕ್ ಮರ ಕಡಿಯುವುದು, ಬುಡದಲ್ಲಿ 12ರಿಂದ 20 ಇಂಚು ದಪ್ಪ. ಎರಡನೆಯದು ಮಳೆಗಾಲದಲ್ಲಿ ರಸ್ತೆಗೂ ಕರೆಂಟ್ ಲೈನಿಗೂ ಬೀಳುವ ಕಾಡುಮರ, ಕೆಲವು 3 ಅಡಿ ದಪ್ಪ ಇರುತ್ತವೆ. ಮೂರನೆಯದು ಏಪ್ರಿಲ್, ಮೇ ಹೊತ್ತಿನ ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರುವುದು.

ಈಗಿರುವುದು 30 ಸಿಸಿ ದರ್ಜೆಯ ಸ್ಟಿಲ್ ಎಂಎಸ್ 180. ಮಿಷನ್ ಹಿಡಿಯುವವರು ಇಬ್ಬರು, ದಿನಕ್ಕೆ ಐದಾರು ಗಂಟೆ ಕೆಲಸ. ಸಂಜೆ ಹೊತ್ತಿಗೆ ಇಬ್ಬರಿಗೂ ಬೆರಳು ಜುಮ್ಮೆನ್ನುತ್ತದೆ.

ಕೇಳಬೇಕಿರುವುದು ಇಷ್ಟು: 50 ಸಿಸಿ ಸಾಕಾ, 70ಕ್ಕೆ ಹೋಗಬೇಕಾ? ಕ್ಯಾಟಲಾಗಿನಲ್ಲಿ ವೈಬ್ರೇಷನ್ ಅಂತ ಬರೆಯುವ ಅಂಕಿಯನ್ನು ಎಷ್ಟು ನಂಬಬಹುದು? ಸ್ಟಿಲ್ ಕಂಪನಿಯ 500ಐ ಅಷ್ಟು ದುಡ್ಡಿಗೆ ತಕ್ಕದ್ದಾ?

ಹರಿತ_ಹಲ್ಲು

ಮೊದಲು ಅಂಕಿಗಳನ್ನು ಒಂದು ಕಡೆ ಇಡೋಣ. ತೂಕ ಎಲ್ಲವೂ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ), ಚೈನ್, ಪೆಟ್ರೋಲ್ ಇಲ್ಲದೆ.

ಸ್ಟಿಲ್ ಎಂಎಸ್ 180: 31.8 ಸಿಸಿ, 1.4 ಕಿಲೋವ್ಯಾಟ್, 4.1 ಕೆಜಿ
ಸ್ಟಿಲ್ ಎಂಎಸ್ 250: 45.4 ಸಿಸಿ, 2.3 ಕಿಲೋವ್ಯಾಟ್, 4.6 ಕೆಜಿ
ಸ್ಟಿಲ್ ಎಂಎಸ್ 261 ಸಿ-ಎಂ: 50.2 ಸಿಸಿ, 3.0 ಕಿಲೋವ್ಯಾಟ್, 4.9 ಕೆಜಿ
ಹಸ್ಕ್‌ವರ್ನಾ 550 ಎಕ್ಸ್‌ಪಿ ಮಾರ್ಕ್ 2: 50.1 ಸಿಸಿ, 3.0 ಕಿಲೋವ್ಯಾಟ್, 5.3 ಕೆಜಿ
ಸ್ಟಿಲ್ ಎಂಎಸ್ 381: 72.2 ಸಿಸಿ, 3.9 ಕಿಲೋವ್ಯಾಟ್, 6.6 ಕೆಜಿ
ಹಸ್ಕ್‌ವರ್ನಾ 572 ಎಕ್ಸ್‌ಪಿ: 70.6 ಸಿಸಿ, 4.3 ಕಿಲೋವ್ಯಾಟ್, 6.6 ಕೆಜಿ
ಸ್ಟಿಲ್ ಎಂಎಸ್ 462 ಸಿ-ಎಂ: 72.2 ಸಿಸಿ, 4.4 ಕಿಲೋವ್ಯಾಟ್, 6.0 ಕೆಜಿ
ಸ್ಟಿಲ್ ಎಂಎಸ್ 500ಐ: 79.2 ಸಿಸಿ, 5.0 ಕಿಲೋವ್ಯಾಟ್, 6.2 ಕೆಜಿ

ಸಿಸಿ ನೋಡಿ ಮಿಷನ್ ಆರಿಸುವುದು ಬಿಡಿ. 381, 462 ಎರಡೂ 72.2 ಸಿಸಿ. 462ರ ಪವರ್ ಮಾತ್ರ ಅರ್ಧ ಕಿಲೋವ್ಯಾಟ್ ಹೆಚ್ಚು, ತೂಕ 600 ಗ್ರಾಂ ಕಡಿಮೆ. ಒಂದು ಕಿಲೋವ್ಯಾಟಿಗೆ ಎಷ್ಟು ಕೆಜಿ ಹೊರಬೇಕು ಅಂತ ಭಾಗಿಸಿ ನೋಡಿ: 180ಕ್ಕೆ 2.9, 250ಕ್ಕೆ 2.0, 381ಕ್ಕೆ 1.7, 261ಕ್ಕೆ 1.6, 462ಕ್ಕೆ 1.4, 500ಐಗೆ 1.24. ಮನೆಬಳಕೆ ಮಿಷನ್ ಹಗುರ ಅನ್ನುವುದು ಅಂಗಡಿಯಲ್ಲಿ ಎತ್ತಿ ನೋಡಿದಾಗ ಮಾತ್ರ ನಿಜ. ಮರಕ್ಕೆ ಇಟ್ಟ ಮೇಲೆ ಅದೇ ಅತಿ ಭಾರದ ಮಿಷನ್.

ಕೈಯಲ್ಲಿ ಹಿಡಿಯುವ ತೂಕ ಇನ್ನೂ ಬೇರೆ. 261ಕ್ಕೆ 16 ಇಂಚಿನ ಬಾರ್, ಚೈನ್ ಸೇರಿ ಸುಮಾರು 1 ಕೆಜಿ, ಅರ್ಧ ಲೀಟರ್ ಪೆಟ್ರೋಲ್, ಕಾಲು ಲೀಟರ್ ಚೈನ್ ಆಯಿಲ್. ಒಟ್ಟು ಆರೂವರೆ ಕೆಜಿ ಬರುತ್ತದೆ.

ಕಂಪನ_ಲೆಕ್ಕ

ವೈಬ್ರೇಷನ್ ಪ್ರಶ್ನೆಗೆ ಬರುತ್ತೇನೆ, ಬೆರಳಿನ ವಿಷಯ ಇರುವುದು ಅಲ್ಲೇ.

ಕ್ಯಾಟಲಾಗಿನ ಅಂಕಿ ಐಎಸ್‌ಒ 22867 ಪ್ರಕಾರ ಅಳೆದದ್ದು. ಐಡಲ್, ಪೂರ್ತಿ ಲೋಡ್, ಲೋಡ್ ಇಲ್ಲದ ರೇಸಿಂಗ್, ಈ ಮೂರಕ್ಕೂ ಸಮ ಪಾಲು ಕೊಟ್ಟು ತೆಗೆದ ಒಂದು ಸಮಮೌಲ್ಯ. ಮಾನ ಮೀಟರ್ ಪ್ರತಿ ಸೆಕೆಂಡ್ ವರ್ಗ. ಎಡ, ಬಲ ಹ್ಯಾಂಡಲಿಗೆ ಬೇರೆ ಬೇರೆ ಇರುತ್ತದೆ. ಎಂಎಸ್ 180ಕ್ಕೆ 6.6 ಮತ್ತು 7.8. ಎಂಎಸ್ 250ಕ್ಕೆ 5.7 ಮತ್ತು 6.8. ಎಂಎಸ್ 261 ಸಿ-ಎಂಗೆ 3.5 ಮತ್ತು 3.5. ಎಂಎಸ್ 500ಐಗೆ 4.2 ಮತ್ತು 4.0. ಲೆಕ್ಕಕ್ಕೆ ಯಾವಾಗಲೂ ದೊಡ್ಡ ಅಂಕಿ ಹಿಡಿಯಬೇಕು.

ಆದರೆ ಅಂಕಿ ಒಂದೇ ಸಾಲದು, ಸಮಯ ಬೇಕು. ಯುರೋಪಿನ 2002ರ ನಿರ್ದೇಶನದಲ್ಲಿ ಎಂಟು ಗಂಟೆಗೆ ಇಳಿಸಿದ ದಿನದ ಪ್ರಮಾಣಕ್ಕೆ ಎರಡು ಗೆರೆ ಇವೆ. 2.5 ದಾಟಿದರೆ ಮಾಲೀಕ ಕ್ರಮ ತೆಗೆದುಕೊಳ್ಳಬೇಕು, 5 ದಾಟಲೇಬಾರದು. ಸೂತ್ರ ಸುಲಭ: ಕೈಗೆ ಬಂದ ಗಂಟೆಯನ್ನು 8ರಿಂದ ಭಾಗಿಸಿ, ವರ್ಗಮೂಲ ತೆಗೆದು, ಮಿಷನ್ನಿನ ಅಂಕಿಯಿಂದ ಗುಣಿಸಿ.

ನಿಮ್ಮ ಜನ ದಿನಕ್ಕೆ ನಿಜವಾಗಿ 4 ಗಂಟೆ ಓಡುವ ಮಿಷನ್ ಹಿಡಿದರು ಅಂದುಕೊಳ್ಳಿ. 180ರಲ್ಲಿ 7.8 ಗುಣಿಸು 0.707, ಅಂದರೆ 5.5. ದಾಟಬಾರದ ಗೆರೆಯನ್ನೇ ದಾಟಿತು. 261ರಲ್ಲಿ 3.5 ಗುಣಿಸು 0.707, ಅಂದರೆ 2.47. ಅದೇ ಕೆಲಸ, ಅದೇ ಗಂಟೆ, ಮೊದಲ ಗೆರೆಯನ್ನೂ ಮುಟ್ಟಲಿಲ್ಲ.

ತಿರುಗಿಸಿ ಹೇಳುವುದಾದರೆ 2.5ರ ಗೆರೆ ಮುಟ್ಟಲು 180ಕ್ಕೆ ಸುಮಾರು 49 ನಿಮಿಷ ಸಾಕು. 250ಕ್ಕೆ 65 ನಿಮಿಷ, 500ಐಗೆ 2 ಗಂಟೆ 50 ನಿಮಿಷ, 261ಕ್ಕೆ 4 ಗಂಟೆ.

ಇಲ್ಲಿ ವರ್ಗ ಇದೆ ಅನ್ನುವುದು ಮರೆಯಬೇಡಿ. ಅಂಕಿ ಇಮ್ಮಡಿಯಾದರೆ ಹಿಡಿಯಬಹುದಾದ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ, ಅರ್ಧಕ್ಕಲ್ಲ.

ಇನ್ನೊಂದು. ಸ್ಟಿಲ್ ಮ್ಯಾನುಯಲ್ಲಿನ ಕೊನೆಯಲ್ಲಿ ಕೆ-ಮೌಲ್ಯ ಅಂತ ಇರುತ್ತದೆ, ವೈಬ್ರೇಷನ್ನಿಗೆ 2 ಮೀಟರ್ ಪ್ರತಿ ಸೆಕೆಂಡ್ ವರ್ಗ. ಅಂದರೆ ಅಳತೆಯ ಅನಿಶ್ಚಿತತೆಯೇ ಅಷ್ಟು. 3.5ರ ಮಿಷನ್ನಿಗೂ 4.2ರ ಮಿಷನ್ನಿಗೂ ಇರುವ ವ್ಯತ್ಯಾಸದ ಮೇಲೆ ಜಗಳ ಆಡುವುದರಲ್ಲಿ ಅರ್ಥ ಇಲ್ಲ. 3.5ಕ್ಕೂ 7.8ಕ್ಕೂ ಇರುವುದು ಮಾತ್ರ ನಿಜವಾದ ವ್ಯತ್ಯಾಸ.

ದಪ್ಪಮರ

ಲೆಕ್ಕ ಸರಿ, ಆದರೆ ಒಂದು ಬಿಟ್ಟಿರಿ. ದೊಡ್ಡ ಮಿಷನ್ ಬೇಗ ಕೆಲಸ ಮುಗಿಸುತ್ತದೆ. 20 ಇಂಚಿನ ಮರಕ್ಕೆ 261 ಒಂದು ನಿಮಿಷ ತೆಗೆದುಕೊಂಡರೆ 500ಐ 40 ಸೆಕೆಂಡಿನಲ್ಲಿ ಆಚೆ ಬರುತ್ತದೆ. ಸಮಯ ಕಡಿಮೆಯಾದರೆ ಕೈಗೆ ಬರುವುದೂ ಕಡಿಮೆ ತಾನೇ? 500ಐ ಚೈನು ನಿಂತಲ್ಲಿಂದ ಗಂಟೆಗೆ 100 ಕಿಮೀ ವೇಗಕ್ಕೆ ಕಾಲು ಸೆಕೆಂಡಿನಲ್ಲಿ ಏರುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಕೊಂಬೆ ಸವರುವಾಗ ಆ ಚುರುಕು ದೊಡ್ಡ ಉಪಕಾರ.

ಕಂಪನ_ಲೆಕ್ಕ

ನಿಮ್ಮ ಅಂಕಿಯನ್ನೇ ಹಾಕಿ ನೋಡೋಣ. 3.5ರ ವರ್ಗ 12.25, ಗುಣಿಸು 60, ಅಂದರೆ 735. 4.2ರ ವರ್ಗ 17.64, ಗುಣಿಸು 40, ಅಂದರೆ 706. ಹೆಚ್ಚುಕಡಿಮೆ ಸಮ. ಅಂದರೆ 20 ಇಂಚಿನ ಮರದಲ್ಲಿ ದೊಡ್ಡ ಮಿಷನ್ನಿಂದ ಕೈಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. 30 ಇಂಚಿಗೆ ಹೋದರೆ ನಿಮ್ಮ ಮಾತು ಗೆಲ್ಲುತ್ತದೆ, 50 ಸಿಸಿ ಅಲ್ಲಿ ಏದುಸಿರು ಬಿಡುತ್ತದೆ. 8 ಇಂಚಿನ ಕೊಂಬೆಗೆ ಎರಡೂ ಒಂದೇ ಸಮಯ, ಅಲ್ಲಿ ಉಳಿಯುವುದು ಹೆಚ್ಚಿನ ತೂಕ ಮಾತ್ರ.

ಸಿಲ್ವರ್ ಕೆಲಸದಲ್ಲಿ ಬುಡ ಕೊಯ್ಯುವುದು ಒಂದು ಪಾಲು, ಕೊಂಬೆ ಸವರಿ ತುಂಡು ಹಾಕುವುದು ಮೂರು ಪಾಲು. ಆ ಮೂರು ಪಾಲಿಗೆ 50 ಸಿಸಿಯೇ ಸರಿ.

ಗ್ಯಾರೇಜ್_ಮೂಡಿಗೆರೆ

ಎಲ್ಲರೂ ಹೊಸ ಮಿಷನ್ನಿನ ಅಂಕಿ ಮಾತಾಡುತ್ತಿದ್ದೀರಿ. ರಿಪೇರಿಗೆ ಬರುವ ಮಿಷನ್ ಯಾವುದೂ ಆ ಅಂಕಿಯಲ್ಲಿ ಓಡುತ್ತಿರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಪ್ರೊಫೆಷನಲ್ ಮಿಷನ್ನಿನಲ್ಲಿ ಎಂಜಿನ್, ಬಾರ್ ಒಂದು ತುಂಡು. ಹ್ಯಾಂಡಲ್, ಟ್ಯಾಂಕ್ ಇನ್ನೊಂದು ತುಂಡು. ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಬಫರ್. ಹಸ್ಕ್‌ವರ್ನಾದಲ್ಲಿ ಬಹುಪಾಲು ಸ್ಟೀಲ್ ಸ್ಪ್ರಿಂಗ್. ಸ್ಟಿಲ್‌ನ ಹಳೆಯ ಮಾಡೆಲ್‌ಗಳಲ್ಲಿ ರಬ್ಬರ್, ಹೊಸದರಲ್ಲಿ ಸ್ಪ್ರಿಂಗೇ ಹೆಚ್ಚು. ಸ್ಪ್ರಿಂಗ್ ನಡುಕ ಚೆನ್ನಾಗಿ ತಡೆಯುತ್ತದೆ, ಆದರೆ ಬಾರ್ ತುದಿ ಸ್ವಲ್ಪ ಅಲ್ಲಾಡಿದ ಹಾಗೆ ಅನ್ನಿಸುತ್ತದೆ. ರಬ್ಬರಿನಲ್ಲಿ ಹಿಡಿತ ಗಟ್ಟಿ, ಆದರೆ ಪೆಟ್ರೋಲ್, ಆಯಿಲ್, ಬಿಸಿ ತಾಗಿ ವರ್ಷಗಳಲ್ಲಿ ಗಡಸಾಗಿ ಬಿರುಕು ಬಿಡುತ್ತದೆ.

ಎಂಜಿನ್ 9,000 ಆರ್‌ಪಿಎಂನಲ್ಲಿದ್ದಾಗ ಸೆಕೆಂಡಿಗೆ 150 ಸಲ ಬಡಿಯುತ್ತದೆ. ಅಷ್ಟು ವೇಗದ ಬಡಿತವನ್ನು ಸ್ಪ್ರಿಂಗ್ ಸಲೀಸಾಗಿ ನುಂಗುತ್ತದೆ. ಐಡಲ್‌ನಲ್ಲಿ 2,800 ಅಂದರೆ ಸೆಕೆಂಡಿಗೆ 47. ಅದು ಸ್ಪ್ರಿಂಗಿನ ಸ್ವಂತ ತೂಗಾಟಕ್ಕೆ ಹತ್ತಿರ, ಹಾಗಾಗಿ ಒಳ್ಳೆಯ ಮಿಷನ್ ಕೂಡ ಐಡಲ್‌ನಲ್ಲಿ ಕುಣಿಯುತ್ತದೆ. ಅದು ದೋಷ ಅಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಕೈಗೆ ಚುರುಚುರು ಅನ್ನಿಸಿದರೆ ಅದು ದೋಷ.

ಆ ದೋಷಕ್ಕೆ ಸಾಮಾನ್ಯ ಕಾರಣ ಮುರಿದ ಸ್ಪ್ರಿಂಗ್ ಅಲ್ಲ, ಹೊಟ್ಟು. ಆಯಿಲ್ ಕಲೆತ ಮರದ ಹೊಟ್ಟು ಹ್ಯಾಂಡಲ್ಲಿಗೂ ಎಂಜಿನ್ನಿಗೂ ನಡುವಿನ ಸಂದಿಯಲ್ಲಿ ತುಂಬಿ ಒಣಗಿ ಹಲಗೆಯಾಗುತ್ತದೆ. ಸ್ಪ್ರಿಂಗಿಗೆ ಆಡಲು ಜಾಗವೇ ಇಲ್ಲ, ಎಂಜಿನ್ ನೇರ ಕೈಗೆ ಬಡಿಯುತ್ತದೆ. ದಿನಾ ಸಂಜೆ ಒಂದು ಚಪ್ಪಟೆ ಸ್ಕ್ರೂಡ್ರೈವರ್, ಒಂದು ಬ್ರಷ್ ಇಟ್ಟುಕೊಂಡು ಆ ಸಂದಿ ಬಿಡಿಸಿ. ಮರಗಸಿ ಸೀಸನ್ನಿನಲ್ಲಿ ಹಸಿ ಹಾಲುವಾಣದ ಹೊಟ್ಟು ಅಂಟಿನ ಹಾಗೆ ಕೂರುತ್ತದೆ, ಮಧ್ಯಾಹ್ನವೂ ಒಮ್ಮೆ ನೋಡಿ.

ಹರಿತ_ಹಲ್ಲು

ಗ್ಯಾರೇಜ್ ಹೇಳಿದ್ದಕ್ಕೆ ಚೈನಿನ ಕಡೆಯಿಂದ ಸೇರಿಸುತ್ತೇನೆ, ಎರಡೂ ಒಂದಕ್ಕೊಂದು ಕೂಡಿಕೊಂಡಿವೆ. ಚೈನ್ ಮೊಂಡಾದಾಗ ಮಿಷನ್ ತಾನಾಗಿ ಇಳಿಯುವುದಿಲ್ಲ. ಹಿಡಿದವನು ಒತ್ತುತ್ತಾನೆ. ಒತ್ತಿದಾಗ ಸ್ಪ್ರಿಂಗ್ ಕುಗ್ಗಿ ತಳ ಮುಟ್ಟುತ್ತದೆ. ತಳ ಮುಟ್ಟಿದ ಮೇಲೆ ಅದು ಸ್ಪ್ರಿಂಗ್ ಅಲ್ಲ, ಬರೀ ಕಬ್ಬಿಣ. ಎಷ್ಟೇ ದುಬಾರಿ ಮಿಷನ್ ಇರಲಿ, ಮೊಂಡು ಚೈನ್ ಹಾಕಿ ಒತ್ತಿದರೆ ಕೈಗೆ ಬರುವುದು ಸ್ಪ್ರಿಂಗ್ ಇಲ್ಲದ ಮಿಷನ್ನಿನ ಹೊಡೆತ. ನನ್ನ ಪ್ರಕಾರ ನಿಮ್ಮ ಇಬ್ಬರ ಬೆರಳಿಗೆ ಹೊಸ ಮಿಷನ್ ಎಷ್ಟು ಮುಖ್ಯವೋ ಒಂದು ಸರಿಯಾದ ಅರವೂ ಅಷ್ಟೇ ಮುಖ್ಯ.

ಬೀಳುವುದು ಚಕ್ಕೆಯೋ ಪುಡಿಯೋ ನೋಡಿ. ಪುಡಿ ಬಂದರೆ ನಿಲ್ಲಿಸಿ.

ಅರದ ಅಳತೆ (3/8, 0.325 ಅಂದರೆ ಚೈನಿನ ಕೊಂಡಿಗಳ ಅಂತರ, ಇಂಚಿನಲ್ಲಿ): ಸಣ್ಣ 3/8 (ಪಿಕೊ) ಚೈನಿಗೆ 4.0 ಮಿಮೀ, 0.325ಕ್ಕೆ 4.8 ಮಿಮೀ, ದೊಡ್ಡ 3/8ಕ್ಕೆ 5.2 ಮಿಮೀ. ಕೋನ 30 ಡಿಗ್ರಿ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಡ, ಹಿಂದಕ್ಕೆ ಎತ್ತಿ ತರಬೇಕು. ಎಡದ ಹಲ್ಲು, ಬಲದ ಹಲ್ಲು ಒಂದೇ ಉದ್ದಕ್ಕೆ ಇರಬೇಕು. ಒಂದು ಕಡೆ ಗಿಡ್ಡವಾದರೆ ಕಟ್ ಬಾಗುತ್ತದೆ, ಬಾರ್ ಮರದೊಳಗೆ ಉಜ್ಜುತ್ತದೆ, ನಡುಕ ಏರುತ್ತದೆ.

ಹೆಚ್ಚಿನವರು ಕೆಡಿಸುವುದು ಡೆಪ್ತ್ ಗೇಜ್. ಹಲ್ಲಿನ ಮುಂದಿನ ಆ ಗುಬ್ಬಿ ಹಲ್ಲಿಗಿಂತ 0.65 ಮಿಮೀ ತಗ್ಗಿರಬೇಕು. ಹಲ್ಲು ಅರೆಯುತ್ತಾ ಹೋದಂತೆ ಗುಬ್ಬಿ ಎತ್ತರವಾಗಿ ಕಚ್ಚುವುದು ನಿಲ್ಲುತ್ತದೆ, ಆಗ ಜನ ಕಣ್ಣಂದಾಜಿನಲ್ಲಿ ಜೋರಾಗಿ ಅರೆದುಬಿಡುತ್ತಾರೆ. 1 ಮಿಮೀ ತಗ್ಗಿದರೆ ಪ್ರತಿ ಹಲ್ಲೂ ಮರವನ್ನು ಕಿತ್ತು ಎಳೆಯುತ್ತದೆ. ಮಿಷನ್ ಕುಕ್ಕುತ್ತದೆ, ಕಿಕ್‌ಬ್ಯಾಕ್ (ಬಾರ್ ತಟ್ಟನೆ ಹಿಡಿದವನ ಕಡೆ ಚಿಮ್ಮುವುದು) ಅಪಾಯವೂ ಹೆಚ್ಚುತ್ತದೆ. ಗೇಜ್ ಪ್ಲೇಟ್ ಇಲ್ಲದೆ ಅದನ್ನು ಮುಟ್ಟಬೇಡಿ.

ಮೆಣಸು ಹಬ್ಬಿದ ಸಿಲ್ವರ್ ತೊಗಟೆಯಲ್ಲಿ ಮಣ್ಣು ಇದ್ದೇ ಇರುತ್ತದೆ. ಅದಕ್ಕೆ ಮೂಲೆ ದುಂಡಗಿರುವ ಸೆಮಿ-ಚಿಸೆಲ್ ಚೈನ್ ಹಾಕಿ. ಫುಲ್ ಚಿಸೆಲ್ ಶುದ್ಧ ಮರದಲ್ಲಿ ವೇಗ, ಮಣ್ಣು ತಾಗಿದರೆ ಅದರ ಚೂಪು ಮೂಲೆ ಮೊದಲು ಹೋಗುತ್ತದೆ. ಅಡಿಕೆ, ತೆಂಗು, ಬೈನೆ ಕೊಯ್ಯುವ ದಿನ ಹಳೆಯ ಚೈನ್ ಬೇರೆ ಇಟ್ಟುಕೊಳ್ಳಿ. ಅವುಗಳ ನಾರಿನ ಸಿಲಿಕಾ ಯಾವ ಹಲ್ಲನ್ನೂ ಉಳಿಸುವುದಿಲ್ಲ.

ದಪ್ಪಮರ

ಬಾರ್ ಉದ್ದದ ಬಗ್ಗೆ ಯಾರೂ ಹೇಳಿಲ್ಲ. 50 ಸಿಸಿಗೆ 20 ಇಂಚು ಹಾಕಬೇಡಿ. 16 ಇಂಚು ಸರಿ, 18 ಕೊನೆ. ಉದ್ದ ಬಾರ್ ಹಾಕಿದರೆ ಮುಂದೆ ಭಾರ, ಇಡೀ ದಿನ ಎಡ ಮಣಿಕಟ್ಟು ಅದನ್ನು ಎತ್ತಿ ಹಿಡಿಯಬೇಕು. ಮುಂದಿನ ಹ್ಯಾಂಡಲ್ ಒಂದರಲ್ಲೇ ಎತ್ತಿ ನೋಡಿ, ಮೂತಿ ಸ್ವಲ್ಪ ಮಾತ್ರ ಕೆಳಗೆ ವಾಲಬೇಕು.

3 ಅಡಿ ಮರಕ್ಕೂ 3 ಅಡಿ ಬಾರ್ ಬೇಕಿಲ್ಲ. 70 ಸಿಸಿ, 20 ಇಂಚಿನ ಬಾರ್, ಎರಡೂ ಕಡೆಯಿಂದ ಕೊಯ್ದರೆ ಆಗುತ್ತದೆ.

ನೆರಳುಮರ

50 ಸಿಸಿಗೆ 0.325 ಚೈನೋ 3/8 ಚೈನೋ?

ಹರಿತ_ಹಲ್ಲು

0.325. 3/8ರಲ್ಲಿ ಹಲ್ಲುಗಳ ನಡುವಿನ ಅಂತರ ಹೆಚ್ಚು, ಒಂದೊಂದು ಹಲ್ಲು ದೊಡ್ಡ ತುತ್ತು ತೆಗೆಯುತ್ತದೆ. ಪವರ್ ಸಾಲದ ಮಿಷನ್ನಿನಲ್ಲಿ ಆ ತುತ್ತು ಕುಕ್ಕಾಗಿ ಕೈಗೆ ಬರುತ್ತದೆ. 7 ಹಲ್ಲಿನ ಸ್ಪ್ರಾಕೆಟ್ (ಚೈನ್ ಎಳೆಯುವ ಚಕ್ರ), 10,000 ಆರ್‌ಪಿಎಂಗೆ 0.325 ಚೈನ್ ಸೆಕೆಂಡಿಗೆ ಸುಮಾರು 19 ಮೀಟರ್ ಓಡುತ್ತದೆ, 3/8 ಸುಮಾರು 22 ಮೀಟರ್. ಆದರೆ 50 ಸಿಸಿಯಲ್ಲಿ 3/8 ಹಾಕಿದರೆ ಮರದೊಳಗೆ ಆ 10,000 ನಿಲ್ಲುವುದಿಲ್ಲ. 60 ಸಿಸಿ ಮೇಲೆ 3/8 ಹಾಕಿ.

ಎರಡು_ಸ್ಟ್ರೋಕ್

ಸ್ಟಿಲ್, ಹಸ್ಕ್‌ವರ್ನಾ ಎರಡರಲ್ಲಿ ಯಾವುದು ಅನ್ನುವ ಜಗಳ ಶುರುವಾಗುವ ಮೊದಲೇ ಹೇಳುತ್ತೇನೆ: ಹತ್ತಿರದಲ್ಲಿ ಯಾವ ಡೀಲರ್ ಪಾರ್ಟ್ಸ್ ಇಟ್ಟಿರುತ್ತಾನೋ ಅದು. 50 ಸಿಸಿಯಲ್ಲಿ ಎರಡೂ 3.0 ಕಿಲೋವ್ಯಾಟ್. ಸ್ಟಿಲ್ 400 ಗ್ರಾಂ ಹಗುರ. ಹಸ್ಕ್‌ವರ್ನಾದಲ್ಲಿ ಫ್ಯಾನಿನ ಗಾಳಿಯನ್ನೇ ಸುತ್ತಿಸಿ ದೊಡ್ಡ ಧೂಳನ್ನು ಫಿಲ್ಟರಿಗೆ ಬರುವ ಮೊದಲೇ ಎಸೆಯುವ ವ್ಯವಸ್ಥೆ ಇದೆ, ಏಪ್ರಿಲ್ ಧೂಳಿಗೆ ಅದು ಒಳ್ಳೆಯದು. ಹಳೆಯ 372 ಎಕ್ಸ್‌ಪಿ ಗಟ್ಟಿ ಮಿಷನ್, ಆದರೆ ಕ್ಲಚ್ ಹೊರಗಿದೆ. ಸ್ಪ್ರಾಕೆಟ್ ಬದಲಿಸಲು ಕ್ಲಚ್ ಬಿಚ್ಚಬೇಕು, ಅದೂ ಎಡ ಮರೆ (ತಿರುಪು), ಬಲಕ್ಕೆ ತಿರುಗಿಸಿದರೆ ಸಡಿಲ. ಗೊತ್ತಿಲ್ಲದೆ ಎಡಕ್ಕೆ ತಿರುಗಿಸಿ ಮರೆ ಕೆಡಿಸಿದವರು ಬಹಳ.

ನಿಮ್ಮ ಆಯ್ಕೆಯನ್ನು ನಿಜಕ್ಕೂ ತೀರ್ಮಾನಿಸಬೇಕಾದದ್ದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್. ಎಥೆನಾಲ್‌ನಲ್ಲಿ ಆಮ್ಲಜನಕ ಇದೆ, ಹಾಗಾಗಿ ಅದೇ ಕಾರ್ಬುರೇಟರ್ ಸೆಟ್ಟಿಂಗಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಎರಡು ಸ್ಟ್ರೋಕ್ ಎಂಜಿನ್ನಿಗೆ ತೆಳು ಮಿಶ್ರಣ ಅಂದರೆ ಬಿಸಿ, ಬಿಸಿ ಅಂದರೆ ಪಿಸ್ಟನ್ ಗೀರು, ಕೊನೆಗೆ ಸೀಜ್. ಕೈಯಿಂದ ಸ್ಕ್ರೂ ತಿರುಗಿಸುವ ಕಾರ್ಬುರೇಟರ್ ಮಿಷನ್ನಿಗೆ ಶೇ 10 ದಾಟಿದರೆ ತೊಂದರೆ ಬರಬಹುದು ಅಂತ ಸ್ಟಿಲ್ ಮ್ಯಾನುಯಲ್ ಹೇಳುತ್ತದೆ. ಮಿಶ್ರಣವನ್ನು ತಾನೇ ಹೊಂದಿಸಿಕೊಳ್ಳುವ ಎಂ-ಟ್ರಾನಿಕ್ ಮಿಷನ್ ಶೇ 27ರವರೆಗೆ ಪೂರ್ತಿ ಪವರ್ ಕೊಡುತ್ತದೆ ಅಂತಲೂ ಅದರಲ್ಲೇ ಇದೆ. 261, 462ರ ಹೆಸರಿನ ಕೊನೆಯ ಸಿ-ಎಂನಲ್ಲಿರುವ ಎಂ ಅದೇ. ಹಸ್ಕ್‌ವರ್ನಾದಲ್ಲಿ ಅದರ ಸಮಾನ ಆಟೋಟ್ಯೂನ್. ಆದರೆ ಎಥೆನಾಲ್ ಎಷ್ಟು ಶೇಕಡಾ ನಡೆಯುತ್ತದೆ ಅನ್ನುವುದನ್ನು ಆಯಾ ಮಾಡೆಲಿನ ಮ್ಯಾನುಯಲ್‌ನಲ್ಲೇ ನೋಡಿ.

ಮಲೆನಾಡಿಗೆ ಇನ್ನೊಂದು ಲಾಭ ಇದೆ. ಸಮುದ್ರಮಟ್ಟದಿಂದ 1,000 ಮೀಟರಿಗೆ ಗಾಳಿ ಸುಮಾರು ಶೇ 10 ತೆಳು. ಕೆಳಗೆ ಸೆಟ್ ಮಾಡಿದ ಕಾರ್ಬುರೇಟರ್ ಮೇಲೆ ಬಂದಾಗ ಪೆಟ್ರೋಲ್ ಹೆಚ್ಚಾಗಿ ಹೊಗೆ ಕಾರುತ್ತದೆ. ತಾನೇ ಹೊಂದಿಸಿಕೊಳ್ಳುವ ಮಿಷನ್ನಿಗೆ ಆ ರಗಳೆ ಇಲ್ಲ, ಫಿಲ್ಟರ್ ಬದಲಿಸಿದ ಮೇಲೆ ಐದಾರು ಪೂರ್ತಿ ಲೋಡಿನ ಕಟ್ ಹಾಕಿದರೆ ಸಾಕು.

ಪೆಟ್ರೋಲಿಗೆ ಕಲಸುವ ಆಯಿಲ್: ಕಂಪನಿಯ ಆಯಿಲ್ ಆದರೆ 50ಕ್ಕೆ 1, ಅಂದರೆ 5 ಲೀಟರಿಗೆ 100 ಮಿಲಿ. ಬೇರೆ ಟಿಸಿ ದರ್ಜೆಯ (ಎರಡು ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಆದರೆ 25ಕ್ಕೆ 1, 5 ಲೀಟರಿಗೆ 200 ಮಿಲಿ. ಕಲಸಿದ್ದನ್ನು 30 ದಿನಕ್ಕಿಂತ ಹೆಚ್ಚು ಇಡಬೇಡಿ. ಇ20 ಗಾಳಿಯ ತೇವ ಎಳೆದು, ನೀರು ಮತ್ತು ಎಥೆನಾಲ್ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಪಿಕಪ್ ಮೊದಲು ಎಳೆಯುವುದು ಆ ತಳದ್ದನ್ನೇ, ಅದರಲ್ಲಿ ಆಯಿಲ್ ಇರುವುದಿಲ್ಲ. ಮಳೆಗಾಲದಲ್ಲಿ ಎರಡು ವಾರ ಮಿಷನ್ ಮುಟ್ಟುವುದಿಲ್ಲ ಅಂತಾದರೆ ಟ್ಯಾಂಕ್ ಖಾಲಿ ಮಾಡಿ, ಐಡಲ್‌ನಲ್ಲಿ ತಾನೇ ನಿಲ್ಲುವವರೆಗೆ ಓಡಿಸಿ ಇಡಿ.

ಗ್ಯಾರೇಜ್_ಮೂಡಿಗೆರೆ

500ಐ ಬಗ್ಗೆ. ಕಾರ್ಬುರೇಟರ್ ಇಲ್ಲ, ಎಲೆಕ್ಟ್ರಾನಿಕ್ ಇಂಜೆಕ್ಷನ್, ಬ್ಯಾಟರಿಯೂ ಬೇಕಿಲ್ಲ. ಅತ್ಯುತ್ತಮ ಮಿಷನ್, ಎರಡು ಮಾತಿಲ್ಲ. ಆದರೆ ಕೆಟ್ಟರೆ ಡಯಾಗ್ನೋಸಿಸ್ ಉಪಕರಣ ಇರುವ ಡೀಲರೇ ಬೇಕು. ಜುಲೈನಲ್ಲಿ ರಸ್ತೆಗೆ ಮರ ಬಿದ್ದ ದಿನ ಆ ಡೀಲರ್ 80 ಕಿಮೀ ಆಚೆ ಇದ್ದರೆ ಉಪಯೋಗ ಇಲ್ಲ. ದಿನವೂ 30 ಇಂಚಿನ ಮರ ಕೊಯ್ಯುವ ಕಂಟ್ರಾಕ್ಟರಿಗೆ ಅದು ಸರಿ. ವರ್ಷಕ್ಕೆ ಹತ್ತಿಪ್ಪತ್ತು ದೊಡ್ಡ ಮರ ಇರುವ ತೋಟಕ್ಕೆ 381 ಥರದ ಹಳೇ ಕಾಲದ 70 ಸಿಸಿ ಸಾಕು. ಅದಕ್ಕೆ ಎಥೆನಾಲ್ ಇಲ್ಲದ ಪೆಟ್ರೋಲ್ ಹುಡುಕಿಡಿ, ಇಲ್ಲವೇ ಕಾರ್ಬುರೇಟರಿನ ಎಚ್ ಸ್ಕ್ರೂ (ಹೆಚ್ಚು ವೇಗದ ಮಿಶ್ರಣ ಹೊಂದಿಸುವುದು) ಸ್ವಲ್ಪ ಬಿಡಿಸಿ. ಲೋಡ್ ಇಲ್ಲದೆ ಪೂರ್ತಿ ಥ್ರಾಟಲ್‌ನಲ್ಲಿ ಶಬ್ದ ಒಡೆದೊಡೆದು ಬರಬೇಕು, ಮರಕ್ಕೆ ಇಟ್ಟೊಡನೆ ಸ್ವಚ್ಛವಾಗಬೇಕು. ಮರದ ಹೊರಗೂ ಸಿಳ್ಳೆಯ ಹಾಗೆ ಏರಿದರೆ ಮಿಶ್ರಣ ತೆಳು, ತಕ್ಷಣ ನಿಲ್ಲಿಸಿ.

ಹೆಸರಿಲ್ಲದ 52, 58 ಸಿಸಿ ಮಿಷನ್ ಅಗ್ಗಕ್ಕೆ ಸಿಗುತ್ತವೆ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಅವುಗಳ ಪೆಟ್ಟಿಗೆಯ ಮೇಲೆ ಸಿಸಿ ದೊಡ್ಡದಾಗಿ ಇರುತ್ತದೆ, ವೈಬ್ರೇಷನ್ ಅಂಕಿ ಇರುವುದೇ ಇಲ್ಲ. ಅಂಕಿ ಇಲ್ಲದ ಮಿಷನ್ನನ್ನು ಕೂಲಿಯವರ ಕೈಗೆ ದಿನವಿಡೀ ಕೊಡಬಾರದು.

ನೆರಳುಮರ

ಮರಗಸಿಗೆ 261 ಕೂಡ ಬೇಡ. ಮರ ಹತ್ತಿ ಕೆಲಸ ಮಾಡುವವನಿಗೆ ಹಿಂದೆ ಹ್ಯಾಂಡಲ್ ಇರುವ ಯಾವ ಮಿಷನ್ನೂ ಸಲ್ಲದು. ಬೇಕಿರುವುದು ಹ್ಯಾಂಡಲ್ ಮೇಲೆ ಇರುವ ಟಾಪ್-ಹ್ಯಾಂಡಲ್. ಪೆಟ್ರೋಲ್ ಟಾಪ್-ಹ್ಯಾಂಡಲ್‌ನಲ್ಲಿ ಎಂಎಸ್ 201 ಟಿ ಇದೆ: 35.2 ಸಿಸಿ, 1.8 ಕಿಲೋವ್ಯಾಟ್, 3.7 ಕೆಜಿ. ಬ್ಯಾಟರಿಯಲ್ಲಿ ಹಸ್ಕ್‌ವರ್ನಾ ಟಿ540ಐ ಎಕ್ಸ್‌ಪಿ, ಬ್ಯಾಟರಿ ಬಿಟ್ಟು 2.5 ಕೆಜಿ. ಮರಗಸಿಗೆ ಬ್ಯಾಟರಿಯೇ ಮೇಲು. ಐಡಲ್ ಇಲ್ಲ, ಆದ್ದರಿಂದ ಕೊಂಬೆಯಿಂದ ಕೊಂಬೆಗೆ ಹೋಗುವಾಗ ಕೈಗೆ ನಡುಕ ಸೊನ್ನೆ. ಮರದ ಮೇಲೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಅಪಾಯ ಇಲ್ಲ. ಕೆಳಗೆ ನಿಂತವನ ಮಾತು ಕೇಳಿಸುತ್ತದೆ, ಲೈನ್ ಹತ್ತಿರದ ಮರದಲ್ಲಿ ಅದು ಜೀವ ಉಳಿಸುವ ವಿಷಯ.

ಟಾಪ್-ಹ್ಯಾಂಡಲ್ ಅಂದರೆ ಒಂದೇ ಕೈಯಲ್ಲಿ ಹಿಡಿಯಬಹುದು ಅಂತಲ್ಲ. ಎರಡೂ ಕೈ, ಸೊಂಟಕ್ಕೆ ಬೆಲ್ಟ್, ಮಿಷನ್ನಿಗೆ ಬೇರೆ ಹಗ್ಗ. ಮೂರು ಬ್ಯಾಟರಿ ಇಟ್ಟುಕೊಳ್ಳಿ, ಒಂದು ಮಿಷನ್ನಿನಲ್ಲಿ, ಒಂದು ತಣ್ಣಗಾಗಲು, ಒಂದು ಚಾರ್ಜಿಗೆ. ಬಿಸಿ ಬ್ಯಾಟರಿಯನ್ನು ನೇರ ಚಾರ್ಜರಿಗೆ ಇಟ್ಟರೆ ತಣ್ಣಗಾಗುವವರೆಗೆ ಚಾರ್ಜ್ ಶುರುವಾಗದೆ ಸಮಯ ಹಾಳು.

ಕಂಪನ_ಲೆಕ್ಕ

ಬೆರಳಿನ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಚಳಿ ದೇಶಗಳಲ್ಲಿ ಇದು ಬೆರಳು ಬಿಳಿಚುವುದಾಗಿ ಕಾಣಿಸುತ್ತದೆ. ನಮ್ಮಂಥ ಬೆಚ್ಚಗಿನ ಕಡೆ ಬಿಳಿಚುವುದು ಕಡಿಮೆ, ಜುಮ್ಮೆನ್ನುವುದು, ಮರಗಟ್ಟುವುದೇ ಮೊದಲ ಲಕ್ಷಣ. ಬಿಳಿಚಿಲ್ಲ ಅಂತ ಸುಮ್ಮನಿದ್ದರೆ ನರ ಮುಂದುವರಿದು ಕೆಡುತ್ತದೆ, ಅಂಗಿ ಗುಂಡಿ ಹಾಕಲು ಕಷ್ಟವಾಗುವ ಹಂತಕ್ಕೆ ಬಂದರೆ ಹಿಂದಿರುಗುವುದು ಕಷ್ಟ. ಕೆಲಸ ನಿಲ್ಲಿಸಿದ 20 ನಿಮಿಷದ ಮೇಲೂ ಜುಮ್ಮು ಉಳಿದರೆ ಅಂಥವರನ್ನು ಮಿಷನ್ನಿನಿಂದ ತೆಗೆದು ಡಾಕ್ಟರಿಗೆ ತೋರಿಸಿ.

ಗ್ಲೌಸ್ ನಂಬಬೇಡಿ. ವೈಬ್ರೇಷನ್ ತಡೆಯುವ ಗ್ಲೌಸ್ ಹೆಚ್ಚು ಆವರ್ತನದಲ್ಲಿ ಮಾತ್ರ ಸ್ವಲ್ಪ ಕೆಲಸ ಮಾಡುತ್ತದೆ, ಚೈನ್‌ಸಾದ 150ರ ಬಡಿತಕ್ಕೆ ಅದರ ತಡೆ ಅತಿ ಕಡಿಮೆ. ದಪ್ಪ ಗ್ಲೌಸ್ ಹಾಕಿದವನು ಹ್ಯಾಂಡಲ್ಲನ್ನು ಇನ್ನೂ ಬಿಗಿ ಹಿಡಿಯುತ್ತಾನೆ, ಬಿಗಿ ಹಿಡಿದಷ್ಟೂ ನಡುಕ ಹೆಚ್ಚು ಒಳಗೆ ಹೋಗುತ್ತದೆ. ಗ್ಲೌಸ್ ಬೇಕಿರುವುದು ಕೈ ಒಣಗಿ ಬೆಚ್ಚಗಿರಲು.

ಗಂಟೆ ಅಳೆಯುವುದು ಹೀಗೆ: ಒಂದು ಟ್ಯಾಂಕ್ ತುಂಬಿಸಿ, ಅದು ಮುಗಿಯುವವರೆಗೆ ಓಡುವ ಮಿಷನ್ ಎಷ್ಟು ನಿಮಿಷ ಕೈಯಲ್ಲಿತ್ತು ಅಂತ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ಆಮೇಲೆ ದಿನಕ್ಕೆ ಎಷ್ಟು ಟ್ಯಾಂಕ್ ಅಂತ ಎಣಿಸಿದರೆ ಸಾಕು. 180ರ ಟ್ಯಾಂಕ್ ಕಾಲು ಲೀಟರ್, 261ರದ್ದು ಅರ್ಧ ಲೀಟರ್, ಹಾಗಾಗಿ ಮಿಷನ್ ಬದಲಾದಾಗ ಮತ್ತೆ ಅಳೆಯಬೇಕು. ಇಬ್ಬರಿಗೂ ಟ್ಯಾಂಕಿನ ಲೆಕ್ಕದಲ್ಲೇ ಸರದಿ ಹಾಕಿ: ಒಬ್ಬ ಒಂದು ಟ್ಯಾಂಕ್ ಕೊಯ್ಯಲಿ, ಇನ್ನೊಬ್ಬ ಆ ಹೊತ್ತಿಗೆ ಕೊಂಬೆ ಎಳೆಯಲಿ.

ಸಕಲೇಶಪುರ_ರೋಬಸ್ಟಾ

ಎಲ್ಲರಿಗೂ ಧನ್ಯವಾದ. ಹಾಗಾದರೆ 50 ಸಿಸಿ ಸಿ-ಎಂ ಒಂದು, ಮರಗಸಿಗೆ ಬ್ಯಾಟರಿ ಟಾಪ್-ಹ್ಯಾಂಡಲ್ ಒಂದು. ದೊಡ್ಡ ಮರಕ್ಕೆ ಪರಿಚಯದವರ ಬಳಿ ಒಂದು ಹಳೆಯ 70 ಸಿಸಿ ಮಾರಾಟಕ್ಕಿದೆ. ಅದರ ಸ್ಪ್ರಿಂಗ್, ರಬ್ಬರ್ ಸರಿ ಇದೆಯಾ ಅಂತ ಕೊಳ್ಳುವ ಮೊದಲು ನೋಡುವುದು ಹೇಗೆ?

ಗ್ಯಾರೇಜ್_ಮೂಡಿಗೆರೆ

ಎಂಜಿನ್ ನಿಲ್ಲಿಸಿ, ಬಾರ್ ತುದಿಯನ್ನು ಮರದ ದಿಮ್ಮಿಗೆ ಆನಿಸಿ. ಹಿಂದಿನ ಹ್ಯಾಂಡಲ್ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಮುಂದೆ ಹಿಂದೆ ತಳ್ಳಿ. ಮೆತ್ತಗೆ ಹೋಗಿ ಮೆತ್ತಗೆ ಹಿಂದೆ ಬರಬೇಕು. ಟಕ್ ಅಂತ ಕಬ್ಬಿಣದ ಶಬ್ದ ಬಂದರೆ ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಅದನ್ನು ಹಿಡಿದಿರುವ ಪ್ಲಗ್ ಕಿತ್ತು ಬಂದಿದೆ. ಆಟವೇ ಇಲ್ಲದೆ ಗಟ್ಟಿ ಇದ್ದರೆ ಒಳಗೆ ಹೊಟ್ಟು ತುಂಬಿದೆ ಅಥವಾ ರಬ್ಬರ್ ಕಲ್ಲಾಗಿದೆ. ಸುತ್ತಲಿನ ಸಂದಿ ಎಲ್ಲ ಕಡೆ ಸಮ ಇದೆಯಾ ನೋಡಿ. ಒಂದು ಕಡೆ ಟ್ಯಾಂಕ್ ಎಂಜಿನ್ನಿಗೆ ತಾಗಿ ಹೊಳಪು ಗುರುತು ಬಿದ್ದಿದ್ದರೆ ಬಹಳ ದಿನದಿಂದ ಹಾಗೇ ಓಡಿದೆ.

ಬದಲಿಸುವಾಗ ಕೆಟ್ಟದ್ದು ಒಂದನ್ನೇ ಬದಲಿಸಬೇಡಿ. ಹೊಸದೊಂದು ಗಟ್ಟಿ, ಉಳಿದವು ಮೆತ್ತಗೆ ಆದರೆ ಹ್ಯಾಂಡಲ್ ಓರೆಯಾಗಿ ಹೊಸದೇ ಮೊದಲು ಹೋಗುತ್ತದೆ. ಸೆಟ್ ತರಿಸಿ.

ಸ್ಟಾರ್ಟರ್ ಕವರ್ ಬಿಚ್ಚಿ ಫ್ಲೈವೀಲ್ ರೆಕ್ಕೆ ಎಣಿಸಿ ನೋಡಿ. ಒಂದು ರೆಕ್ಕೆ ಮುರಿದಿದ್ದರೂ ತೂಕ ಏರುಪೇರಾಗಿ, ಯಾವ ಸ್ಪ್ರಿಂಗ್ ಹಾಕಿದರೂ ನಡುಕ ನಿಲ್ಲುವುದಿಲ್ಲ. ಸೈಲೆನ್ಸರ್ ಬೋಲ್ಟ್ ಸಡಿಲ ಇದ್ದರೂ ಹೀಗೇ ಅನ್ನಿಸುತ್ತದೆ, ಮೊದಲು ಅದನ್ನು ಬಿಗಿ ಮಾಡಿ ಆಮೇಲೆ ಬೆಲೆ ಮಾತಾಡಿ.

ಬಾರಿನಲ್ಲಿ ಚೈನ್ ಕೂರುವ ಸೀಳಿನ ಆಳ ಅಳೆಯಿರಿ, 3/8 ಚೈನಿಗೆ ಕನಿಷ್ಠ 6 ಮಿಮೀ ಇರಬೇಕು. ಅದಕ್ಕಿಂತ ಕಡಿಮೆ ಆದರೆ ಚೈನಿನ ಡ್ರೈವ್ ಲಿಂಕ್ ತಳ ಉಜ್ಜುತ್ತದೆ. ಸ್ಪ್ರಾಕೆಟ್ಟಿನಲ್ಲಿ ಚೈನ್ ಕೊರೆದ ಗುರುತು ಅರ್ಧ ಮಿಮೀ ದಾಟಿದ್ದರೆ ಅದೂ ಹೊಸದು. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಚೈನ್ ಬೇಗ ಜಗ್ಗುತ್ತದೆ, ಜಗ್ಗಿದ ಚೈನ್ ಬಾರಿನ ಮೇಲೆ ಬಡಿಯುತ್ತದೆ, ಆ ಬಡಿತವೂ ಕೈಗೇ ಬರುವುದು.

ಎರಡು_ಸ್ಟ್ರೋಕ್

ಜೊತೆಗೆ ಪೆಟ್ರೋಲ್ ಪೈಪ್, ಕಾರ್ಬುರೇಟರ್ ಡಯಾಫ್ರಾಮ್ ಕಿಟ್ ಬದಲಿಸಿಬಿಡಿ. ಹಳೆಯ ಮಿಷನ್ನಿನ ರಬ್ಬರ್ ಇ20ಗೆ ಮಾಡಿದ್ದಲ್ಲ, ಪೈಪ್ ಊದಿ ಮೆತ್ತಗಾಗಿ ಸಣ್ಣ ಬಿರುಕಿನಿಂದ ಗಾಳಿ ಎಳೆಯುತ್ತದೆ. ಹೊರಗೆ ಸೋರುವುದು ಕಾಣಿಸದಿದ್ದರೂ ಒಳಗೆ ಮಿಶ್ರಣ ತೆಳುವಾಗಿರುತ್ತದೆ.